1966 ಮಸ್ಟಾಂಗ್: ದಪ್ಪ ಸ್ವೇ ಬಾರ್ ಹಾಕಿದ ಮೇಲೆ ಹಿಂಭಾಗ ಜಾರುತ್ತಿದೆ, ಮುಂದೆ ಟಕ್ ಟಕ್ ಶಬ್ದ

ಕೂಪೆ66

ಗಾಡಿ 1966ರ ಫೋರ್ಡ್ ಮಸ್ಟಾಂಗ್ ಕೂಪೆ, 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, 8 ಇಂಚಿನ ಹಿಂದಿನ ಆಕ್ಸಲ್, ಓಪನ್ ಡಿಫರೆನ್ಷಿಯಲ್ (ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ, ಲಾಕ್ ಇಲ್ಲದ ಗೇರ್). ನಾಲ್ಕೂ ಟೈರ್ 205/60ಆರ್15. ಸ್ಪ್ರಿಂಗ್‌ಗಳು ಮೂಲ ಅಳತೆಯವೇ. ಮುಂದಿದ್ದ ಹಳೇ ಸಣ್ಣ ಸ್ವೇ ಬಾರ್ (ಎಡ-ಬಲ ಚಕ್ರ ಜೋಡಿಸಿ ಬಾಡಿ ವಾಲುವುದನ್ನು ತಡೆಯುವ ಕಂಬಿ) ತೆಗೆದು 1-1/8 ಇಂಚಿನದು ಕೂರಿಸಿದೆ. ಹಿಂದೆ ಮೊದಲು ಬಾರ್ ಇರಲಿಲ್ಲ, ಈಗ 7/8 ಇಂಚಿನದು ಇದೆ. ಎರಡೂ ಒಂದೇ ಕಿಟ್‌ನಲ್ಲಿ ಪಾಲಿಯುರೆಥೇನ್ (ಪಾಲಿ ಎಂಬ ಗಡುಸು ಪ್ಲಾಸ್ಟಿಕ್) ಬುಷ್ ಸಮೇತ ಬಂದವು.

ಬಾಡಿ ವಾಲುವುದು ಚೆನ್ನಾಗಿ ಕಡಿಮೆಯಾಗಿದೆ. ಆದರೆ ಸ್ಕೈಲೈನ್ ಬುಲವಾರ್ಡ್ ಎಂಬ ತಿರುವಿನ ರಸ್ತೆಯಲ್ಲಿ ಬೆಳಗಿನ ಮಂಜಿನ ಹನಿ ಬಿದ್ದು ರಸ್ತೆ ಒದ್ದೆಯಿದ್ದಾಗ, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಎಳೆಯುತ್ತದೆ. ತಿರುವು ದಾಟಿ ಪೆಡಲ್ ಒತ್ತಿದರೆ ಒಳಗಡೆಯ ಹಿಂಚಕ್ರ ಗಿರಗಿರ ಸುತ್ತುತ್ತದೆ. ಒಂದೇ ಚಕ್ರ ಉಬ್ಬಿನ ಮೇಲೆ ಹತ್ತಿದರೆ ಮುಂದೆ ಎಡಗಡೆ ಟಕ್ ಅನ್ನುತ್ತದೆ. ಯಾವ ಬಾರ್ ಬದಲಿಸಬೇಕು? ಹಿಂದಕ್ಕೆ ಇನ್ನೂ ದಪ್ಪನೆಯದು ಹಾಕಿದರೆ ಗಟ್ಟಿಯಾಗಿ ಕೂರುತ್ತದೆಯೇ?

ಲೀಫ್‌ಸ್ಪ್ರಿಂಗ್

ಹಿಂದಕ್ಕೆ ಇನ್ನೂ ದಪ್ಪ ಹಾಕಿದರೆ ಇನ್ನೂ ಬೇಗ ಜಾರುತ್ತದೆ. ಸ್ವೇ ಬಾರ್ ಹಿಡಿತ ಕೊಡುವ ಸಾಮಾನಲ್ಲ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗುವ ಭಾರದಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಹೊರಬೇಕು ಎಂದು ಪಾಲು ಹಾಕುವುದಷ್ಟೇ ಅದರ ಕೆಲಸ. ಟೈರ್ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಯಾವ ತುದಿಯ ಬಾರ್ ಗಡುಸೋ ಆ ತುದಿಯ ಒಟ್ಟು ಹಿಡಿತ ಇಳಿಯುತ್ತದೆ. ನಿಮ್ಮ ಗಾಡಿಯಲ್ಲಿ ಹಿಂದೆ ಸೊನ್ನೆಯಿಂದ 7/8ಕ್ಕೆ ಹಾರಿದ್ದೀರಿ. ಒಳಗಿನ ಹಿಂಚಕ್ರವನ್ನು ಬಾರ್ ಮೇಲಕ್ಕೆ ಎತ್ತುತ್ತಿದೆ, ಓಪನ್ ಡಿಫರೆನ್ಷಿಯಲ್ ಆದ್ದರಿಂದ ಶಕ್ತಿಯೆಲ್ಲ ಆ ಹಗುರ ಚಕ್ರದಲ್ಲೇ ಪೋಲಾಗುತ್ತದೆ.

ಮೊದಲು ದುಡ್ಡಿಲ್ಲದ ಪರೀಕ್ಷೆ ಮಾಡಿ. ಹಿಂದಿನ ಬಾರ್‌ನ ಎರಡೂ ಎಂಡ್ ಲಿಂಕ್ (ಬಾರ್ ತುದಿ ಕೂಡಿಸುವ ಕೊಂಡಿ) ಬಿಚ್ಚಿ. ತುದಿಗಳು ಎಕ್ಸಾಸ್ಟ್ ಪೈಪಿಗೆ, ಬ್ರೇಕ್ ಹೋಸಿಗೆ ತಾಗದಂತೆ ತಂತಿಯಿಂದ ಬಿಗಿದು ಕಟ್ಟಿ. ಖಾಲಿ ಮೈದಾನದಲ್ಲಿ ಒಂದೇ ವೃತ್ತದಲ್ಲಿ, ಒಂದೇ ವೇಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ, ನಿಧಾನಕ್ಕೆ ವೇಗ ಏರಿಸಿ. ಮೊದಲು ಮೂಗು ಹೊರಕ್ಕೆ ಸರಿಯಬೇಕು. ಈ ಪರೀಕ್ಷೆಯನ್ನು ಸ್ಕೈಲೈನ್ ಮೇಲೆ ಮಾಡಬೇಡಿ.

ಪಾನಾ 13

ಅದಕ್ಕೂ ಮೊದಲು ಟೈರ್ ವಯಸ್ಸು ನೋಡಿ. ಪಕ್ಕದ ಗೋಡೆಯ ಡಾಟ್ ಸಂಖ್ಯೆಯ ಕೊನೆಯ 4 ಅಂಕಿ: 2217 ಅಂದರೆ 2017ರ 22ನೇ ವಾರ. ಹಳೇ ಗಾಡಿಗಳ ಟೈರ್ ಸವೆಯದೆಯೇ ಒಣಗಿ ಗಟ್ಟಿಯಾಗುತ್ತವೆ. ಒದ್ದೆ ರಸ್ತೆಯಲ್ಲಿ ಮಾತ್ರ ಜಾರುತ್ತದೆ ಅನ್ನುವವರ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ರಬ್ಬರ್ ಮೇಲೆ, ಬಾರ್ ಮೇಲಲ್ಲ.

ಇನ್ನು ಟಕ್ ಶಬ್ದ. ಮುಂದಿನ ಎಂಡ್ ಲಿಂಕ್ ಒಂದೊಂದಕ್ಕೂ 4 ಬುಷ್, 4 ವಾಷರ್, 1 ಸ್ಲೀವ್ ಇರಬೇಕು. ಕ್ರಮ ಹೀಗೆ: ಬೋಲ್ಟ್ ತಲೆ, ವಾಷರ್, ಬುಷ್, ಲೋವರ್ ಆರ್ಮ್ (ಚಕ್ರ ಹಿಡಿಯುವ ಕೆಳತೋಳು), ಬುಷ್, ವಾಷರ್, ಸ್ಲೀವ್, ವಾಷರ್, ಬುಷ್, ಬಾರ್‌ನ ಕಣ್ಣು, ಬುಷ್, ವಾಷರ್, ನಟ್. ಒಂದು ವಾಷರ್ ತಪ್ಪಿದರೂ ಸ್ಲೀವ್ ನೇರವಾಗಿ ಬುಷ್ ಒಳಕ್ಕೆ ಹೂತು ಸಡಿಲವಾಗುತ್ತದೆ. ಬುಷ್ ಉಬ್ಬಿ ವಾಷರ್‌ನ ಅಂಚಿಗೆ ಸಮ ಬಂದರೆ ಸಾಕು, ಹಿಂಡಿ ಚಪ್ಪಟೆ ಮಾಡಬೇಡಿ.

ಲಿಂಕ್ ಸರಿಯಿದ್ದರೆ ಫ್ರೇಮ್ ರೈಲ್ (ಗಾಡಿಯ ಅಡಿಯ ಉದ್ದ ಚೌಕಟ್ಟು) ಮೇಲಿನ ಬುಷ್ ನೋಡಿ. ವರ್ನಿಯರ್ ಹಿಡಿದು ಅಳೆಯಿರಿ: 1-1/8 ಅಂದರೆ 28.6 ಮಿ.ಮೀ., 1 ಇಂಚು ಅಂದರೆ 25.4. ಕಿಟ್‌ನಲ್ಲಿ ತಪ್ಪು ಬುಷ್ ಬರುವುದು ಅಪರೂಪವೇನಲ್ಲ. ದೊಡ್ಡದಾದರೆ ಟಕ್ ಅನ್ನುತ್ತದೆ. ಚಿಕ್ಕದಾದರೆ ಬ್ರಾಕೆಟ್ ಬಿಗಿದಾಗ ಬಾರ್ ಹಿಡಿದುಕೊಂಡು ತಿರುಗುವುದೇ ಇಲ್ಲ, ಆಗ ಬುಷ್ಷೇ ಒಂದು ಗುಪ್ತ ಸ್ಪ್ರಿಂಗ್ ಆಗುತ್ತದೆ. ಎರಡೂ ಲಿಂಕ್ ಬಿಚ್ಚಿ ಬಾರ್ ತುದಿ ಕೈಯಿಂದ ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬೇಕು. ಇಳಿಯದಿದ್ದರೆ ಬ್ರಾಕೆಟ್ ಅಡಿಗೆ ತೆಳು ವಾಷರ್ ಕೊಟ್ಟು ಸಡಿಲಿಸಿ. ಪಾಲಿ ಬುಷ್ ಒಳಗೆ ಸಿಲಿಕೋನ್ ಗ್ರೀಸ್ ಹಚ್ಚಬೇಕು, ಇಲ್ಲದಿದ್ದರೆ ಕಿರ್ ಕಿರ್ ಗ್ಯಾರಂಟಿ. ರಬ್ಬರ್ ಬುಷ್‌ಗೆ ಪೆಟ್ರೋಲಿಯಂ ಗ್ರೀಸ್ ತಾಗಿಸಬೇಡಿ.

ಕೊನೆಯ ಬಿಗಿತ ನಾಲ್ಕೂ ಚಕ್ರ ಸಮತಟ್ಟು ನೆಲದ ಮೇಲಿರುವಾಗ. ಒಂದೇ ಪಕ್ಕ ಜ್ಯಾಕ್ ಏರಿಸಿ ಬಿಗಿದರೆ ಬಾರ್ ತಿರುಚಿಕೊಂಡೇ ಕೂರುತ್ತದೆ, ಎಡ ತಿರುವು ಒಂದು ಥರ, ಬಲ ತಿರುವು ಇನ್ನೊಂದು ಥರ ಆಗುತ್ತದೆ.

ಕೂಪೆ66

ಎಡಗಡೆ ಲಿಂಕ್‌ನಲ್ಲಿ ಸ್ಲೀವ್ ಕೆಳಗಿನ ವಾಷರ್ ಇರಲಿಲ್ಲ. ಹಾಕಿದ ಮೇಲೆ ಶಬ್ದ ನಿಂತಿತು. ಟೈರ್ ಹೊಸವೇ. ಹಿಂದಿನ ಬಾರ್ ಬಿಚ್ಚಿದರೆ ಜಾರಾಟ ಹೋಗಿದೆ, ಆದರೆ ಈಗ ಮೂಗು ತಿರುಗಲು ಸೋಮಾರಿ. ಹಾಗಾದರೆ ಮುಂದೆ 1-1/8 ಹೆಚ್ಚಾಯಿತೇ?

ಲೀಫ್‌ಸ್ಪ್ರಿಂಗ್

ಹೌದು, ಮೂಲ ಸ್ಪ್ರಿಂಗ್ ಜೊತೆ ರಸ್ತೆ ಬಳಕೆಗೆ ಹೆಚ್ಚು. ಗಟ್ಟಿ (ಟೊಳ್ಳಲ್ಲದ) ಬಾರ್‌ನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 1965-66ರ ಸಾಮಾನ್ಯ ಬಾರ್ 0.69 ಇಂಚು. ಅದನ್ನು 1 ಎಂದು ಹಿಡಿದರೆ, ಆಕಾರ ಒಂದೇ ಇದ್ದಾಗ, ಜಿಟಿ ಮಾದರಿಯ 0.84 ಇಂಚು 2.2, 15/16 ಇಂಚು 3.4, 1 ಇಂಚು 4.4, ನಿಮ್ಮ 1-1/8 ಬರೋಬ್ಬರಿ 7.1. ಕಣ್ಣಿಗೆ 1/8 ಇಂಚಿನ ವ್ಯತ್ಯಾಸ, ಬಿಗಿಯಲ್ಲಿ 60%.

ಆದರೆ ಈ ಗಾಡಿಯಲ್ಲಿ ಮುಂದಿನ ಬಾರ್ ಬರೀ ಭಾರದ ಪಾಲು ಮಾತ್ರ ಹಾಕುವುದಿಲ್ಲ, ಇಲ್ಲೇ ಮಸ್ಟಾಂಗ್ ಪಠ್ಯಪುಸ್ತಕದಿಂದ ಸ್ವಲ್ಪ ಆಚೆ ನಿಲ್ಲುತ್ತದೆ. ಮೂಲ ಜ್ಯಾಮಿತಿಯಲ್ಲಿ ಬಾಡಿ ವಾಲಿದಂತೆ ಹೊರಗಿನ ಮುಂಚಕ್ರವೂ ಹೊರಕ್ಕೆ ವಾಲಿ ಟೈರ್‌ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ದಪ್ಪ ಬಾರ್ ವಾಲಾಟ ತಡೆದು ಟೈರನ್ನು ನೆಟ್ಟಗಿಡುತ್ತದೆ. ಅದಕ್ಕೇ ಸಣ್ಣ ಬಾರ್‌ನಿಂದ 1 ಇಂಚಿಗೆ ಹೋದಾಗ ಮುಂದಿನ ಹಿಡಿತ ಇಳಿಯುವ ಬದಲು ಹೆಚ್ಚುತ್ತದೆ. ಅಲ್ಲಿಂದಾಚೆ ಲಾಭ ಕಡಿಮೆ, ನಷ್ಟ ಜಾಸ್ತಿ. ಮಸ್ಟಾಂಗ್‌ನದೇ ರೇಸ್ ಮಾದರಿಯಾದ 1965ರ ಶೆಲ್ಬಿ ಜಿಟಿ350ಗೆ ಮುಂದೆ 1 ಇಂಚಿನ ಬಾರ್ ಕೊಟ್ಟು ಹಿಂದೆ ಏನೂ ಕೊಡಲಿಲ್ಲ. ಅದು ಪಕ್ಕಾ ಲೆಕ್ಕ.

ಬಾರ್ ಮುಟ್ಟುವ ಮೊದಲು ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಕೆ) ಮಾಡಿಸಿ. ಹಳೇ ಮ್ಯಾನ್ಯುವಲ್‌ನ ಸಂಖ್ಯೆಗಳು ಬಯಾಸ್ ಪ್ಲೈ ಎಂಬ ಹಳೇ ಬಗೆಯ ಟೈರಿಗೆ ಬರೆದವು. ಈಗಿನ ರೇಡಿಯಲ್ ಟೈರಿಗೆ ಕ್ಯಾಂಬರ್ (ಚಕ್ರ ಒಳಕ್ಕೆ-ಹೊರಕ್ಕೆ ವಾಲುವ ಕೋನ) ಮೈನಸ್ 0.5ರಿಂದ 0.75 ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಪ್ಲಸ್ 2ರಿಂದ 3 ಡಿಗ್ರಿ, ಒಟ್ಟು ಟೋ-ಇನ್ (ಮುಂಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) 1/8 ಇಂಚು ಕೇಳಿ. 1966ರಲ್ಲಿ ಕ್ಯಾಂಬರ್, ಕ್ಯಾಸ್ಟರ್ ಎರಡೂ ಅಪ್ಪರ್ ಆರ್ಮ್ (ಚಕ್ರ ಹಿಡಿಯುವ ಮೇಲ್ತೋಳು) ಶಾಫ್ಟ್ ಹಿಂದಿನ ಶಿಮ್‌ಗಳಿಂದ (ತೆಳು ತಗಡಿನ ಬಿಲ್ಲೆಗಳಿಂದ) ಹೊಂದಿಸುವುದು. ಮಷೀನ್ ನೋಡಿ ಟೋ ಮಾತ್ರ ಸರಿ ಮಾಡಿ ಕಳಿಸುವ ಅಂಗಡಿಗೆ ಹೋಗಬೇಡಿ.

ಇನ್ನೂ ಬೇಕಿದ್ದರೆ ಅಪ್ಪರ್ ಆರ್ಮ್ ಕೂರುವ ತೂತುಗಳನ್ನು 1 ಇಂಚು ಕೆಳಕ್ಕೆ, 1/8 ಇಂಚು ಹಿಂದಕ್ಕೆ ಹೊಸದಾಗಿ ಕೊರೆಯುವುದು. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಹೆಸರಿನಲ್ಲಿ ಇದನ್ನು ಆರ್ನಿಂಗ್ ಡ್ರಾಪ್ ಅನ್ನುತ್ತಾರೆ, ಶೆಲ್ಬಿ ಡ್ರಾಪ್ ಅಂದರೂ ಇದೇ. 1/8 ಹಿಂದಕ್ಕೆ ಅನ್ನುವುದು 1965-66ಕ್ಕೆ ಮಾತ್ರ, 1967ರಿಂದ ಬರೀ ಕೆಳಕ್ಕೆ. ಟೆಂಪ್ಲೇಟ್ ಇಲ್ಲದೆ ಡ್ರಿಲ್ ಹಿಡಿಯಬೇಡಿ. ಇದರಿಂದ ಟೈರ್ ನೆಟ್ಟಗಿರುತ್ತದೆ, ಬಾರ್ ಮೇಲಿನ ಅವಲಂಬನೆ ತಗ್ಗುತ್ತದೆ. ನನ್ನ ಮಾತು ಕೇಳಿದರೆ ಹಿಂದಿನ ಬಾರ್‌ನ ದುಡ್ಡು ಇದಕ್ಕೆ ಹೋಗಬೇಕಿತ್ತು.

ಹಳೇಗಾಡಿ

ಯಾರೂ ಹೇಳದ ಒಂದು ವಿಷಯ: ಹಿಂದಿನ ಲೀಫ್ ಸ್ಪ್ರಿಂಗ್‌ನ (ಉಕ್ಕಿನ ಪಟ್ಟಿ ಸ್ಪ್ರಿಂಗ್) ಮುಂಗಣ್ಣಿಗೂ, ಅಂದರೆ ಮುಂತುದಿಯ ಬಳೆಗೂ ಪಾಲಿ ಬುಷ್ ಹಾಕಿದ್ದೀರಾ? ಬಾಡಿ ವಾಲಿದಾಗ ಲೀಫ್ ಸ್ವಲ್ಪ ತಿರುಚಬೇಕು. ರಬ್ಬರ್ ಬಿಡುತ್ತದೆ, ಪಾಲಿ ಬಿಡುವುದಿಲ್ಲ. ಅಲ್ಲೇ ಒಂದು ಕಾಣದ ಸ್ವೇ ಬಾರ್ ಸೇರಿಕೊಳ್ಳುತ್ತದೆ. ಪಾಲಿ ಇದ್ದರೆ ರಬ್ಬರ್‌ಗೆ ವಾಪಸ್ ಹೋಗಿ.

1-1/8 ತೆಗೆದಾಗ ಫ್ರೇಮ್ ರೈಲ್‌ನ ಬೋಲ್ಟ್ ಕೂರುವ ಜಾಗವನ್ನು ಟಾರ್ಚ್ ಬಿಟ್ಟು ನೋಡಿ, ಅದರಲ್ಲೂ ಬಲಗಡೆ. ಬ್ಯಾಟರಿ ಇರುವುದು ಆ ಪಕ್ಕ, ಆಸಿಡ್ ಇಳಿದು ತುಕ್ಕು ಹಿಡಿಯುವುದೂ ಅಲ್ಲೇ. ತೆಳುವಾದ ತಗಡಿನ ಮೇಲೆ ದಪ್ಪ ಬಾರ್ ಕೆಲಸ ಮಾಡಿದರೆ ಬೋಲ್ಟ್ ಸುತ್ತ ಬಿರುಕು ಬರುತ್ತದೆ.

ಕೂಪೆ66

ಹಿಂಗಣ್ಣು, ಮುಂಗಣ್ಣು ಎರಡೂ ರಬ್ಬರ್. ರೈಲ್ ಗಟ್ಟಿಯಿದೆ. ಮುಂದಕ್ಕೆ 1 ಇಂಚಿನ ಗಟ್ಟಿ ಬಾರ್ ಹುಡುಕುವಾಗ ಟೊಳ್ಳು ಬಾರ್‌ಗಳೂ ಕಂಡವು, 1-1/8 ಹೊರ ವ್ಯಾಸ, 0.188 ಇಂಚು ಗೋಡೆ. ತೂಕ ಕಡಿಮೆ ಅಂತ ತಗೊಳ್ಳಬಹುದೇ? ಹಿಂದಿನದನ್ನು ಪೂರ್ತಿ ಬಿಡಬೇಕೇ?

ಲೀಫ್‌ಸ್ಪ್ರಿಂಗ್

ಟೊಳ್ಳಿಗೆ ಹೊರ ವ್ಯಾಸದ ನಾಲ್ಕನೇ ಘಾತದಿಂದ ಒಳ ವ್ಯಾಸದ ನಾಲ್ಕನೇ ಘಾತ ಕಳೆಯಿರಿ. ಒಳ ವ್ಯಾಸ 0.749. ಲೆಕ್ಕ ಹಾಕಿದರೆ ಅದೇ ಗಾತ್ರದ ಗಟ್ಟಿ ಬಾರ್‌ನ ಸುಮಾರು 80% ಬಿಗಿ, 56% ತೂಕ. ಬಾರ್ ಒಳ್ಳೆಯದೇ, ಆದರೆ 1 ಇಂಚಿನ ಗಟ್ಟಿ ಬಾರ್‌ಗಿಂತ ಇನ್ನೂ 29% ಬಿಗಿ. ನಿಮಗೆ ಬೇಕಾದ್ದು ಕಡಿಮೆ ಬಿಗಿ, ಕಡಿಮೆ ತೂಕವಲ್ಲ. 1 ಇಂಚಿನ ಗಟ್ಟಿ ಬಾರ್ ತಗೊಳ್ಳಿ, ಅದರ ಜೊತೆ ಫ್ರೇಮ್ ಬುಷ್ ಕೂಡ 1 ಇಂಚಿನದೇ ಕೇಳಿ, ಈಗಿರುವವು ಹೊಂದುವುದಿಲ್ಲ. ಲಿಂಕ್‌ಗಳನ್ನು ಇಟ್ಟುಕೊಳ್ಳಿ, ಗಾಡಿ ನೆಲದ ಮೇಲೆ ನಿಂತಾಗ ಬಾರ್‌ನ ತೋಳು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಸ್ಲೀವ್ ಉದ್ದ ಸರಿ.

ಹಿಂದೆ ಸದ್ಯ ಏನೂ ಬೇಡ. ಅಲೈನ್‌ಮೆಂಟ್, 1 ಇಂಚಿನ ಬಾರ್, ಬೇಕಿದ್ದರೆ ಡ್ರಾಪ್ ಆದ ಮೇಲೂ ಮೂಗು ಸೋಮಾರಿ ಅನ್ನಿಸಿದರೆ ಆಗ 5/8 ಇಂಚಿನದು ಯೋಚಿಸಿ. ಅದೇ ಆಕಾರದ 7/8ರ ಕಾಲುಭಾಗದಷ್ಟೇ ಬಿಗಿ ಅದು. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುತ್ತುವುದನ್ನು ತಡೆಯುವ ಡಿಫರೆನ್ಷಿಯಲ್) ಹಾಕುವವರೆಗೆ ಅದಕ್ಕಿಂತ ದಪ್ಪ ಬೇಡ.

ಪಾನಾ 13

7/8ರ ಬಾರ್ ಮಾರುವಾಗ ಅದನ್ನು ಕಟ್ಟುವ ಯು-ಬೋಲ್ಟ್ (ಯು ಆಕಾರದ ಬೋಲ್ಟ್) ಕೊಡಬೇಡಿ. ಒಮ್ಮೆ ಬಿಗಿದ ಯು-ಬೋಲ್ಟ್‌ನ ಥ್ರೆಡ್ ಎಳೆದುಕೊಂಡಿರುತ್ತದೆ, ತಗೊಂಡವರು ಹೊಸದು ಹಾಕಿಕೊಳ್ಳಲಿ.