ಅಪ್‌ಡೇಟ್: ಕ್ರಾಪಿ ಮೀನಿನ ಟ್ರೋಲಿಂಗ್‌ಗೆ ಕೊನೆಗೆ ಒಗ್ಗಿದ ಸಲಕರಣೆ

ಮಿಸಿಸಿಪ್ಪಿಯ ಎನಿಡ್ ಸರೋವರದಲ್ಲಿ ಟ್ರೋಲಿಂಗ್ ಮಾಡುವಾಗ, ಅಂದರೆ ಸಾಗುವ ದೋಣಿಯ ಹಿಂದೆ ಕ್ರ್ಯಾಂಕ್‌ಬೈಟ್ (ಪುಟ್ಟ ಮೀನಿನಂತೆ ಕಾಣುವ ಕೃತಕ ಆಮಿಷ) ಎಳೆಯುವಾಗ, ದಾರಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಕಚ್ಚಿದ ಕ್ರಾಪಿ ಕೈಗೆ ಬರುವ ಮೊದಲೇ ಕಳಚಿಕೊಳ್ಳುತ್ತದೆ, ಯಾವ ಕೋಲು, ಯಾವ ರೀಲು ಕೊಳ್ಳಲಿ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಹೆಚ್ಚು ನೆರವಾದದ್ದು ಬಿಟ್ಟ ದಾರದ ಉದ್ದವನ್ನು ಎಣಿಸುವ ಲೈನ್ ಕೌಂಟರ್ ಇರುವ ರೀಲಿನ ಸಲಹೆ. ಪ್ರತಿ ದಾರವನ್ನೂ ಲೆಕ್ಕವಿಟ್ಟು 100 ಅಡಿ ಬಿಟ್ಟು, 8, 10 ಮತ್ತು 12 ಅಡಿಯ ಕೋಲುಗಳನ್ನು ಜೋಡಿಸಿ ಬೈಟ್‌ಗಳನ್ನು ಅಗಲಕ್ಕೆ ಹರಡಿದ ಮೇಲೆ ಸಿಕ್ಕು ಬಹುತೇಕ ನಿಂತಿತು. ಹೆಣೆದ ದಾರದ ಸಲಹೆ ಮಾತ್ರ ನನಗೆ ಫಲಿಸಲಿಲ್ಲ. ಅದು ಹಿಗ್ಗುವುದಿಲ್ಲವಾದ್ದರಿಂದ ಕ್ರಾಪಿಯ ಕಾಗದದಂಥ ತೆಳು ಬಾಯಿ ಹರಿದುಹೋಗುತ್ತಿತ್ತು. 10 ಪೌಂಡ್ ಭಾರ ತಡೆಯುವ ನೈಲಾನ್ ದಾರಕ್ಕೂ ಮೆತ್ತಗೆ ಬಾಗುವ ಕೋಲಿಗೂ ಬದಲಾದ ಮೇಲೆ ಕಳೆದುಕೊಂಡ ಮೀನುಗಳು ಬೆರಳೆಣಿಕೆಯಷ್ಟೇ.

ನಾನು ನಿರೀಕ್ಷಿಸದೆ ಕಲಿತದ್ದು ತಿರುವಿನಲ್ಲಿ. ದೋಣಿ ತಿರುಗುವಾಗ ಹೊರಬದಿಯ ಬೈಟ್ ವೇಗವಾಗಿ, ಒಳಬದಿಯದು ನಿಧಾನವಾಗಿ ಸಾಗುತ್ತದೆ. ಮೀನುಗಳು ಮತ್ತೆ ಮತ್ತೆ ಹೊರಬದಿಯದನ್ನೇ ಕಚ್ಚಿದ್ದರಿಂದ ಜಿಪಿಎಸ್ ನೋಡಿ ವೇಗವನ್ನು ಗಂಟೆಗೆ 1.5 ಮೈಲಿಯಿಂದ 1.8ಕ್ಕೆ ಏರಿಸಿದೆ, ಆಮೇಲೆ ನೇರ ಓಟದಲ್ಲೂ ಕಚ್ಚತೊಡಗಿದವು. ಕೋಲಿನ ತುದಿಯ ಮೇಲೂ ಕಣ್ಣಿಟ್ಟಿರಿ: ಬೈಟ್ ಸರಿಯಾಗಿ ಓಡುವಾಗ ತುದಿ ಸಣ್ಣಗೆ ಅದುರುತ್ತಲೇ ಇರುತ್ತದೆ, ಅದುರು ನಿಂತರೆ ಕೊಕ್ಕೆಗೆ ಎಲೆಯೋ ಕಡ್ಡಿಯೋ ಸಿಕ್ಕಿದೆ ಎಂದರ್ಥ, ಕೂಡಲೇ ಸುತ್ತಿ ಬಿಡಿಸಿ.

5 ಪೌಂಡ್ 3 ಔನ್ಸ್ ತೂಗಿದ ಬಿಳಿ ಕ್ರಾಪಿಯ ವಿಶ್ವದಾಖಲೆ 1957ರಲ್ಲಿ ಆದದ್ದು ಇದೇ ಎನಿಡ್‌ನಲ್ಲಿ. ನನ್ನ ದೊಡ್ಡ ಮೀನು 2 ಪೌಂಡ್ ತೂಗಿತು, ಮುಂದಿನ ಶನಿವಾರ ಮತ್ತೆ ಹೊರಟಿದ್ದೇನೆ.