ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮೂರು ಸೆಮಿಸ್ಟರ್ ಮುಗಿಯಿತು, ಕಲಿತದ್ದನ್ನು ಅಳೆಯುವುದು ಹೇಗೆ?

ಮಂಗಳವಾರದವಳು:
ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ನನ್ನ ವಿಶೇಷ ವಿಷಯ. ಅಂಕಗಳೇನೋ ಚೆನ್ನಾಗಿವೆ, ಆದರೆ ಅವನ್ನು ನಂಬಿ ಕೂರುವ ಧೈರ್ಯವಿಲ್ಲ. ಕ್ಷೇತ್ರಕಾರ್ಯ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ನಲ್ಲಿ, ಅಂದರೆ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯದಲ್ಲಿ. ಮೊನ್ನೆ ಒಬ್ಬ ತಾಯಿ ಮಗನ ಮಾತ್ರೆ ನಿಲ್ಲಿಸಿದ್ದರು. ಮೊದಲ ವರ್ಷವಾಗಿದ್ದರೆ ‘ಕಾಯಿಲೆಯ ಬಗ್ಗೆ ಅರಿವಿನ ಕೊರತೆ’ ಎಂದು ಬರೆದು ಪುಟ ತಿರುಗಿಸುತ್ತಿದ್ದೆ. ಈ ಸಲ, ಮಾತ್ರೆ ನುಂಗಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. “ಬೆಳಿಗ್ಗೆ ಎದ್ದೇಳುವುದೇ ಇಲ್ಲ ಕಣವ್ವಾ. ಡೈರಿಗೆ ಹಾಲು ಹಾಕುವವರು ಯಾರು?” ಎಂದರು. ವೈದ್ಯರಿಗೆ ಅಷ್ಟನ್ನೇ ಹೇಳಿದೆ, ಅವರು ಮಾತ್ರೆ ಕೊಡುವ ಹೊತ್ತನ್ನು ಬದಲಿಸಿದರು. ಇದು ಕಲಿಕೆಯೋ, ಬರೀ ರೂಢಿಯೋ?

ಬಳ್ಳಾರಿ ಕಡೆಯವನು:
ಮೊದಲ ಸೆಮಿಸ್ಟರ್‌ನ ಕ್ಷೇತ್ರಕಾರ್ಯದ ವರದಿಗಳನ್ನು ತೆಗೆದು ಓದಿ. ಎಲ್ಲರ ವರದಿಯಲ್ಲೂ ಪುಟಕ್ಕೊಂದು ‘ಸಲಹೆ ನೀಡಲಾಯಿತು’ ಇರುತ್ತದೆ. ಯಾರು ಕೊಟ್ಟರು, ಯಾರು ಕೇಳಿಸಿಕೊಂಡರು, ದೇವರಿಗೇ ಗೊತ್ತು! ಈಗಿನ ವರದಿಯಲ್ಲಿ ಆ ತಾಯಿಯ ಮಾತು ಅವರ ಬಾಯಲ್ಲೇ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ರೋಗಿಯ ಮನೆಯ ಹತ್ತಿರವೇ ಚಿಕಿತ್ಸೆ ಸಿಗಬೇಕೆಂಬುದು ಅದರ ತಿರುಳು. ಹತ್ತಿರ ಎಂದ ಮೇಲೆ ಡೈರಿಯ ಹಾಲೂ ಲೆಕ್ಕಕ್ಕೆ ಬರಬೇಕಲ್ಲವೇ?

ನೇರ ಮಾತು:
ಇವೆಲ್ಲ ಸರಿ, ಮುಂದಿನ ದಾರಿಯನ್ನೂ ನೋಡಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ‘ಮನೋವೈದ್ಯಕೀಯ ಸಮಾಜ ಕಾರ್ಯಕರ್ತ’ ಎನಿಸಿಕೊಳ್ಳಲು ಎಂಎಸ್‌ಡಬ್ಲ್ಯು ಒಂದೇ ಸಾಲದು, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಬೇಕು. ಇದನ್ನು ತರಗತಿಯಲ್ಲಿ ಮೊದಲ ದಿನವೇ ಹೇಳಬೇಕು. ನಮಗೆ ಹೇಳಿದ್ದು ಬೀಳ್ಕೊಡುಗೆಯ ಹೊತ್ತಿಗೆ.

ಮಂಗಳವಾರದವಳು:
ಎಂ.ಫಿಲ್ ವಿಷಯ ಗೊತ್ತು ಸರ್. ಮನೆಯಲ್ಲಿ ಹೇಳುವುದಕ್ಕೆ ಇನ್ನೂ ಬಾಯಿ ಬಂದಿಲ್ಲ, ‘ಇನ್ನೂ ಎಷ್ಟು ಓದುತ್ತೀ’ ಎಂಬ ಮಾತು ಈಗಾಗಲೇ ಶುರುವಾಗಿದೆ. ಹಳೆಯ ವರದಿ ತೆಗೆದೆ. ‘ಸಲಹೆ ನೀಡಲಾಯಿತು’ ಎಂಬುದರ ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ ‘ಅವರು ಏನೆಂದರು?’ ಎಂದು ಆಗಲೇ ಬರೆದಿದ್ದಾರೆ! ಅದಿರಲಿ, ಆ ಹುಡುಗನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಬೇಕೆಂದಿದ್ದೇನೆ. ಕಾಯಿಲೆ ಹಲವು ವರ್ಷಗಳದ್ದು. ಯಾರನ್ನು ಹಿಡಿಯಲಿ?

ಬಳ್ಳಾರಿ ಕಡೆಯವನು:
2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಊರಿನ ಮಟ್ಟದಲ್ಲಿ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು). ಮೊದಲು ಅವರನ್ನು ಕಾಣಿ. ಆಧಾರ್, ಫೋಟೊ, ಹಳೆಯ ಚಿಕಿತ್ಸೆಯ ಚೀಟಿಗಳೆಲ್ಲ ಜೊತೆಗಿರಲಿ. ತಪಾಸಣೆಗೆ ಹೋಗುವ ದಿನ ಹಾಲು ಹಾಕಲು ಪಕ್ಕದ ಮನೆಯವರಿಗೆ ಹೇಳಿಡಲು ಅಮ್ಮನಿಗೆ ತಿಳಿಸಿ.