ಮನೆ ಬೆಲೆ ಬಿದ್ದಾಗ ಅಮೆರಿಕದ ಯುವಜನ ಯಾಕೆ ಕೊಳ್ಳಲಿಲ್ಲ? (ಚರ್ಚೆ)

ಚಂದ್ರು:
ಒಂದು ಪ್ರಶ್ನೆ. ಅಮೆರಿಕದಲ್ಲಿ 2006ರಿಂದ 2012ರ ಶುರುವಿನವರೆಗೆ ಮನೆ ಬೆಲೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. 30 ವರ್ಷದ ಸಾಲದ ಬಡ್ಡಿ 2006ರಲ್ಲಿ ಶೇ. 6.5ರ ಆಸುಪಾಸು ಇತ್ತು, 2012ರ ಕೊನೆಗೆ ಶೇ. 3.3ಕ್ಕೆ ಬಂತು. ಮನೆಯೂ ಅಗ್ಗ, ಸಾಲವೂ ಅಗ್ಗ. ಹಾಗಿದ್ದರೆ ಜನ ಮುಗಿಬಿದ್ದು ಕೊಳ್ಳಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. 2004ರಲ್ಲಿ ನೂರಕ್ಕೆ 69.2 ಕುಟುಂಬಗಳು ಸ್ವಂತ ಮನೆಯಲ್ಲಿದ್ದವು. 2016ರಲ್ಲಿ 62.9 ಅಷ್ಟೇ. ನನ್ನ ವಾದ ಸರಳ: ಆ ಪೀಳಿಗೆಗೆ ಸ್ವಂತ ಮನೆ ಬೇಕಿರಲಿಲ್ಲ. ಸಿಟಿಯಲ್ಲಿ ಬಾಡಿಗೆಗಿದ್ದು ಓಡಾಡಿಕೊಂಡಿರೋದೇ ಇಷ್ಟವಾಗಿತ್ತು. ಬೇರೆ ಕಾರಣ ಇದ್ದರೆ ಹೇಳಿ.

ರೇಖಾ:
ಚಂದ್ರು ಅವರೇ, ಆಗ ನಾವು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಹೊರವಲಯದಲ್ಲಿ ಇದ್ದೆವು. ನಮ್ಮ ಬೀದಿಯಲ್ಲಿ ಖಾಲಿ ಬಿದ್ದ ಮನೆಗಳ ಈಜುಕೊಳದ ನೀರು ಪಾಚಿ ಕಟ್ಟಿ ಹಸಿರಾಗಿತ್ತು. ಸೊಳ್ಳೆ ಕಾಟ ತಡೆಯೋಕೆ ಕೌಂಟಿಯವರು (ಅಲ್ಲಿನ ಜಿಲ್ಲಾಡಳಿತ) ಬಂದು ಅದರಲ್ಲಿ ಮೀನು ಬಿಟ್ಟು ಹೋಗುತ್ತಿದ್ದರು. ಕಿಟಕಿ ಗಾಜಿಗೆ ಬ್ಯಾಂಕಿನ ನೋಟಿಸು, ಬಾಗಿಲ ಹಿಡಿಗೆ ನಂಬರ್ ಬೀಗ. ಅಗ್ಗದ ಮನೆ ಬೇಕಾದಷ್ಟಿತ್ತು, ಕೊಳ್ಳೋಕೆ ಸಂಬಳ ಇರಲಿಲ್ಲ.

ನಮ್ಮ ಯಜಮಾನರಿಗೂ ಲೇಆಫ್ ಆಯಿತು. ಟೆಕ್ಸಸ್‌ನಲ್ಲಿ ಕೆಲಸ ಸಿಕ್ಕಿತು, ಆದರೆ ಮನೆ ಮಾರಿ ಹೋಗೋ ಹಾಗಿಲ್ಲ. ಮಾರಿದರೆ ಬರೋ ದುಡ್ಡು ಸಾಲ ತೀರಿಸೋಕೂ ಸಾಲದು. ಕಂತು ಇಳಿಸಿಕೊಳ್ಳೋಣ ಅಂತ ರೀಫೈನಾನ್ಸ್ (ಹಳೆ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೊಸ ಸಾಲ) ಕೇಳಿದರೆ, ಮನೆ ಬೆಲೆ ಸಾಲಕ್ಕಿಂತ ಕಡಿಮೆ ಅಂತ ಹೇಳಿ ಬ್ಯಾಂಕಿನವರು ವಾಪಸ್ ಕಳಿಸಿದರು. ಯಜಮಾನರು ಅಲ್ಲಿ ಸ್ನೇಹಿತರ ಮನೆಯ ಒಂದು ರೂಮಿನಲ್ಲಿ, ನಾನು ಮಗು ಇಲ್ಲಿ. ಇಷ್ಟವಾಗಿತ್ತಂತೆ!

ಲೆಕ್ಕದ ಮೇಷ್ಟ್ರು:
ರೇಖಾ ಮೇಡಂ ಹೇಳಿದ್ದು ಒಂದಿಬ್ಬರ ಕಥೆ ಅಲ್ಲ. 2009ರ ಕೊನೆಗೆ ಸಾಲ ಇದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೀಗೆ ಅಂಡರ್‌ವಾಟರ್, ಅಂದರೆ ಬೆಲೆಗಿಂತ ಸಾಲವೇ ಜಾಸ್ತಿ, ಆಗಿದ್ದವು. ಮನೆ ಮಾರುವವರಲ್ಲಿ ಬಹಳ ಜನ ಇನ್ನೊಂದು ಮನೆ ಕೊಳ್ಳುವವರೇ. ಸಣ್ಣದು ಮಾರಿ ದೊಡ್ಡದಕ್ಕೆ ಹೋಗ್ತಾರೆ, ಆ ಸಣ್ಣದನ್ನು ಹೊಸಬರು ಹಿಡೀತಾರೆ. ನಡುವಿನವರು ಅಲ್ಲಾಡಲಾಗದೆ ಕೂತರೆ ಇಡೀ ಸಾಲೇ ನಿಂತುಹೋಗುತ್ತದೆ.

ಚಂದ್ರು, ಇನ್ನೊಂದು ಮಾತು. ಕೆಲಸ ಉಳಿಸಿಕೊಂಡ ಯುವಜನ ಕೊಂಡರು. 2009-10ರಲ್ಲಿ ಮನೆ ಕೊಂಡವರಲ್ಲಿ ಸುಮಾರು ಅರ್ಧ ಜನ ಮೊದಲ ಸಲ ಕೊಳ್ಳುವವರು. ಸರ್ಕಾರ ಅವರಿಗೆ 8,000 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತ್ತು. 2010ರ ಏಪ್ರಿಲ್ ಕೊನೆಯೊಳಗೆ ಕರಾರು ಆಗಬೇಕಿತ್ತು. ಅದು ಮುಗಿದ ಮೇಲೆ ಜುಲೈ ಒಂದೇ ತಿಂಗಳಲ್ಲಿ ಹಳೆ ಮನೆಗಳ ಮಾರಾಟ ಶೇ. 27ರಷ್ಟು ಕುಸಿಯಿತು. ಮುಂದಿನ ವರ್ಷ ಕೊಳ್ಳಬೇಕಿದ್ದವರು ಆತುರವಾಗಿ ಮೊದಲೇ ಕೊಂಡಿದ್ದರು, ಅಷ್ಟೇ.

ಬಾಡಿಗೆ ಬಸವ:
ಎಲ್ಲರೂ ಕೊಳ್ಳೋದರ ಬಗ್ಗೆಯೇ ಮಾತಾಡ್ತಿದ್ದೀರಿ. ಅದಕ್ಕೂ ಮೊದಲು ಇನ್ನೊಂದು ನಿಂತುಹೋಗಿತ್ತು: ಹೊಸ ಸಂಸಾರ ಹೂಡೋದು. ಮದುವೆಯೇ ಆಗಬೇಕು ಅಂತಿಲ್ಲ. ಒಬ್ಬನೇ ಒಂದು ಕೋಣೆಯ ಅಪಾರ್ಟ್‌ಮೆಂಟ್ ಹಿಡಿದರೂ ಲೆಕ್ಕಕ್ಕೆ ಅದು ಹೊಸ ಸಂಸಾರವೇ. ಕುಸಿತಕ್ಕೆ ಮುಂಚೆ ಅಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಹೊಸ ಸಂಸಾರ ಸೇರುತ್ತಿದ್ದವು. ರಿಸೆಷನ್ (ಆರ್ಥಿಕ ಹಿಂಜರಿತ) ವರ್ಷಗಳಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯಿತು. ಜನಸಂಖ್ಯೆ ಬೆಳೆಯೋದು ನಿಲ್ಲಲಿಲ್ಲವಲ್ಲ, ಆ ಜನ ಎಲ್ಲಿ ಹೋದರು? ಅಪ್ಪ-ಅಮ್ಮನ ಮನೆಗೆ, ಅಕ್ಕನ ಮನೆಯ ಸೋಫಾ ಮೇಲೆ, ನಾಲ್ಕು ಜನ ಸೇರಿ ಒಂದು ಬಾಡಿಗೆ ಮನೆಗೆ.

2014ರಲ್ಲಿ 18ರಿಂದ 34 ವಯಸ್ಸಿನವರಲ್ಲಿ ಶೇ. 32.1 ಜನ ಹೆತ್ತವರ ಜೊತೆ ಇದ್ದರು ಅಂತ ಪ್ಯೂ ರಿಸರ್ಚ್ ಸೆಂಟರ್ ಅನ್ನೋ ಅಲ್ಲಿನ ಸಮೀಕ್ಷೆ ಸಂಸ್ಥೆ ಹೇಳಿತು. ಸಂಗಾತಿಯ ಜೊತೆ ಬೇರೆ ಮನೆ ಮಾಡಿದವರು ಶೇ. 31.6. 1880ರಿಂದ ಇರುವ ದಾಖಲೆಯಲ್ಲಿ ಹೀಗಾಗಿದ್ದು ಅದೇ ಮೊದಲು. ಒಂದು ಕಡೆ ಬೀದಿ ಬೀದಿಯೇ ಖಾಲಿ, ಇನ್ನೊಂದು ಕಡೆ ಅಪ್ಪನ ಮನೆ ಬೇಸ್‌ಮೆಂಟ್ ಭರ್ತಿ.

ವಿನಯ್:
ಬಸವಣ್ಣ, ಅದೇ ಪ್ಯೂ ಲೆಕ್ಕದಲ್ಲಿ 1960ರಲ್ಲಿ ಹೆತ್ತವರ ಜೊತೆ ಇದ್ದವರು ಶೇ. 20, ಸಂಗಾತಿ ಜೊತೆ ಇದ್ದವರು ಶೇ. 62. ಅಂದರೆ ಐವತ್ತು ವರ್ಷದಿಂದ ಇದೇ ದಿಕ್ಕು. ಮದುವೆ ತಡ, ಓದು ಜಾಸ್ತಿ, ಓದಿನ ಸಾಲವೂ ಜಾಸ್ತಿ. ರಿಸೆಷನ್ ತಲೆಗೆ ಎಲ್ಲವನ್ನೂ ಕಟ್ಟೋದು ಸರಿಯಲ್ಲ.

ಬಾಡಿಗೆ ಬಸವ:
ಮದುವೆ ಎರಡು ವರ್ಷದಲ್ಲಿ ಇದ್ದಕ್ಕಿದ್ದ ಹಾಗೆ ತಡ ಆಗಲ್ಲ ವಿನಯ್. ನಿಧಾನವಾದ ಇಳಿಜಾರಿಗೆ ನಿಮ್ಮ ಕಾರಣ ಸರಿ. 2008ರ ಹೊತ್ತಿಗೆ ಬಂದ ಹೊಂಡಕ್ಕೆ ಅದು ಸಾಲದು. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10 ಮುಟ್ಟಿತು, ಯುವಜನರಲ್ಲಿ ಇನ್ನೂ ಜಾಸ್ತಿ. ಮೆಕ್ಸಿಕೊ ಕಡೆಯಿಂದ ಬರುವವರೂ ಕಡಿಮೆಯಾದರು. ಬಂದಿದ್ದರೆ ಅವರಿಗೂ ಮನೆ ಬೇಕಿತ್ತಲ್ಲ.

ಚಂದ್ರು:
ಸರಿ, ಕೆಲಸ ಇರಲಿಲ್ಲ, ಒಪ್ಪೋಣ. ಆದರೆ 2016ರ ಹೊತ್ತಿಗೆ ನಿರುದ್ಯೋಗ ಶೇ. 5ರ ಹತ್ತಿರ ಬಂದಿತ್ತು. ಸ್ವಂತ ಮನೆ ಪ್ರಮಾಣ ಅತಿ ಕೆಳಗೆ ಹೋಗಿದ್ದು ಅದೇ ವರ್ಷ! ಕೆಲಸ ಬಂದ ಮೇಲೂ ಕೊಳ್ಳಲಿಲ್ಲ ಅಂದರೆ ಬೇಡ ಅಂತಲೇ ತಾನೆ?

ಲೆಕ್ಕದ ಮೇಷ್ಟ್ರು:
ಒಳ್ಳೇ ಪಟ್ಟು ಹಾಕಿದಿರಿ. ಆದರೆ ಆ ಶೇಕಡಾವಾರು ಹೇಗೆ ಬರುತ್ತೆ ನೋಡಿ. ಅದು ಜನರ ಲೆಕ್ಕ ಅಲ್ಲ, ಸಂಸಾರಗಳ ಲೆಕ್ಕ. ಹತ್ತು ಸಂಸಾರ ಇವೆ, ಏಳು ಸ್ವಂತ ಮನೆಯಲ್ಲಿವೆ ಅಂತ ಇಟ್ಟುಕೊಳ್ಳಿ. ಶೇ. 70. ಆ ಏಳರಲ್ಲಿ ಎರಡು ಮನೆಯಲ್ಲಿ ಬೆಳೆದ ಮಕ್ಕಳು ಕೆಲಸವಿಲ್ಲದೆ ಕೂತಿದ್ದಾರೆ. ಅವರು ಯಾವ ಲೆಕ್ಕದಲ್ಲೂ ಬೇರೆಯಾಗಿ ಬರಲ್ಲ. ಈಗ ಇಬ್ಬರಿಗೂ ಕೆಲಸ ಸಿಕ್ಕಿ ತಲಾ ಒಂದು ಬಾಡಿಗೆ ಮನೆ ಹಿಡಿದರು. ಸಂಸಾರ ಹನ್ನೆರಡಾಯಿತು, ಸ್ವಂತ ಮನೆ ಅದೇ ಏಳು. ಶೇ. 58. ಯಾರೂ ಮನೆ ಕಳೆದುಕೊಂಡಿಲ್ಲ, ಯಾರೂ ಬೇಡ ಅಂದಿಲ್ಲ, ಪ್ರಮಾಣ ಮಾತ್ರ ದಢಾರನೆ ಬಿತ್ತು.

ಅಂದರೆ ಕುಸಿತದ ವರ್ಷಗಳಲ್ಲಿ ಆ ಅಂಕಿ ಪರಿಸ್ಥಿತಿಯನ್ನು ಇದ್ದಿದ್ದಕ್ಕಿಂತ ಚೆನ್ನಾಗಿ ತೋರಿಸಿತು. ಚೇತರಿಕೆ ಬಂದಾಗ ಕೆಟ್ಟದಾಗಿ ತೋರಿಸಿತು. 2016ರ ಇಳಿಕೆ ಪೂರ್ತಿ ಇದರಿಂದಲೇ ಅನ್ನಲ್ಲ. ಸಾಲ ಸಿಗೋದೂ ಕಷ್ಟವಾಗಿತ್ತು. 2006ಕ್ಕೆ ಮುಂಚೆ ಆದಾಯದ ಕಾಗದ ನೋಡದೆ ಕೊಟ್ಟಿದ್ದ ಬ್ಯಾಂಕುಗಳು ಆಮೇಲೆ ಸಣ್ಣ ಕಲೆ ಇದ್ದರೂ ಬಾಗಿಲು ಹಾಕಿದವು. ಮನೆ ಜಪ್ತಿಯಾದರೆ ಅದು ಕ್ರೆಡಿಟ್ ರಿಪೋರ್ಟಿನಲ್ಲಿ (ಸಾಲ ತೀರಿಸಿದ ಚರಿತ್ರೆಯ ದಾಖಲೆ) ಏಳು ವರ್ಷ ಇರುತ್ತೆ. 2009ರಲ್ಲಿ ಕಳೆದುಕೊಂಡವರಿಗೆ 2016 ಬರಬೇಕು.

ರೇಖಾ:
ಹಾಗಾದರೆ ಅಗ್ಗದ ಮನೆಗಳನ್ನು ಯಾರು ಕೊಂಡರು ಅಂತ ಯಾರೂ ಕೇಳಲಿಲ್ಲ. ನಗದು ಇದ್ದವರು. ಜಪ್ತಿ ಮನೆಗಳ ಹರಾಜಿನಲ್ಲಿ ಸಾಲದ ಮಾತೇ ಇಲ್ಲ, ದುಡ್ಡು ಇಟ್ಟು ಕೂಗಬೇಕು. 2012ರ ಹೊತ್ತಿಗೆ ದೊಡ್ಡ ದೊಡ್ಡ ಹೂಡಿಕೆ ಕಂಪನಿಗಳು ಬಂದು ಬಿಡಿ ಮನೆಗಳನ್ನು ಸಾವಿರಗಟ್ಟಲೆ ಕೊಂಡು ಬಾಡಿಗೆಗೆ ಬಿಟ್ಟವು. ನಮ್ಮ ಪಕ್ಕದ ಮನೆಯವರು ಮನೆ ಬಿಟ್ಟು, ಮಕ್ಕಳ ಸ್ಕೂಲು ತಪ್ಪಬಾರದು ಅಂತ ಎರಡು ಬೀದಿ ಆಚೆ ಅಂಥದ್ದೇ ಮನೆಗೆ ಬಾಡಿಗೆಗೆ ಹೋದರು. ಅದೇ ನಕ್ಷೆ, ಅದೇ ಅಡುಗೆಮನೆ.

ವಿನಯ್:
ನನಗೆ ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಅನಿಸೋದು ಕಟ್ಟೋದು ನಿಂತಿದ್ದು. 2005ರಲ್ಲಿ 20 ಲಕ್ಷ ಮನೆಗಳ ಕೆಲಸ ಶುರುವಾಗಿತ್ತು, 2009ರಲ್ಲಿ 5.54 ಲಕ್ಷ. ಕಟ್ಟಡ ಕೆಲಸದಲ್ಲಿ ಸುಮಾರು 20 ಲಕ್ಷ ಜನರ ಉದ್ಯೋಗ ಹೋಯಿತು. ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್ ಬೇರೆ ದಾರಿ ಹಿಡಿದರು, ಸಣ್ಣ ಬಿಲ್ಡರ್‌ಗಳು ಮುಚ್ಚಿಕೊಂಡರು. ಬೇಸ್‌ಮೆಂಟಿನ ಹುಡುಗರು ಮೂವತ್ತು ದಾಟಿ ಮನೆ ಕೇಳುವ ಹೊತ್ತಿಗೆ ಮನೆಯೇ ಇಲ್ಲ. ಐರ್ಲೆಂಡ್‌ನಲ್ಲೂ ಇದೇ ಆಯಿತು. 2008ರ ನಂತರ ಅರ್ಧ ಕಟ್ಟಿ ಬಿಟ್ಟ ಬಡಾವಣೆಗಳನ್ನು ಜನ ದೆವ್ವದ ಬಡಾವಣೆ ಅಂತ ಕರೆದರು, ಹತ್ತು ವರ್ಷ ಕಳೆಯೋದರೊಳಗೆ ಮನೆ ಸಿಗಲ್ಲ ಅಂತ ಅಲ್ಲೇ ಗಲಾಟೆ.

ಚಂದ್ರು:
ಮೇಷ್ಟ್ರ ಶೇಕಡಾ ಲೆಕ್ಕ ಚೆನ್ನಾಗಿದೆ, ಅದನ್ನು ಇಟ್ಟುಕೊಳ್ತೀನಿ. ಆದರೆ ಭಯದ ಪಾಲನ್ನು ನೀವೆಲ್ಲ ಬಿಟ್ಟಿರಿ. ದುಡ್ಡಿದ್ದವರೂ "ಇನ್ನೂ ಬೀಳುತ್ತೆ" ಅಂತ ಕಾದರು. ಜಪಾನಿನಲ್ಲಿ 1991ರಿಂದ ಭೂಮಿ ಬೆಲೆ ಹತ್ತು ವರ್ಷಕ್ಕೂ ಮೀರಿ ಇಳೀತಾನೇ ಹೋಯಿತು. ಕಾದವರೇ ಜಾಣರು ಅಲ್ಲಿ.

ಇನ್ನು ಈಗಿನ ಮಾತು. ಮತ್ತೆ ರಿಸೆಷನ್ ಬಂದರೆ ಹೀಗೇ ಬೆಲೆ ಬೀಳುತ್ತಾ?

ಲೆಕ್ಕದ ಮೇಷ್ಟ್ರು:
ಅಷ್ಟು ಬೀಳೋದು ಕಷ್ಟ ಅಂತ ನನ್ನ ಅಂದಾಜು. ಆಗ ಮನೆ ಜಾಸ್ತಿಯಾಗಿತ್ತು, ಸಾಲ ಕೊಳೆತಿತ್ತು. ಈಗ ಮನೆ ಕಡಿಮೆ. 2021ರಲ್ಲಿ ಶೇ. 3ರ ಬಡ್ಡಿಗೆ ಸಾಲ ಹಿಡಿದವರು ಶೇ. 6-7ರ ಕಾಲದಲ್ಲಿ ಮಾರೋಕೇ ಒಪ್ಪಲ್ಲ, ಮಾರಿದರೆ ಮುಂದಿನ ಮನೆಗೆ ಆ ದುಬಾರಿ ಬಡ್ಡಿಯ ಸಾಲ ಹಿಡಿಯಬೇಕಲ್ಲ. ಹಾಗಾಗಿ 2023ರಲ್ಲಿ ಮಾರಾಟ ಕುಸಿದರೂ ಬೆಲೆ ಕುಸಿಯಲಿಲ್ಲ. ಆದರೆ ಕೆಲಸ ಹೋದರೆ ಹುಡುಗರು ಅಪ್ಪನ ಮನೆಗೆ ವಾಪಸ್ ಹೋಗೋದು ಮಾತ್ರ ಆಗಲೂ ಹಾಗೆ, ಈಗಲೂ ಹಾಗೆ.

ಚಂದ್ರು:
ನನ್ನ ತಮ್ಮ ಅಲ್ಲೇ ಬೆಲೆ ಬೀಳಲಿ ಅಂತ ಕಾಯ್ತಾ ಕೂತಿದ್ದಾನೆ. ಅವನಿಗೆ ಏನು ಹೇಳಲಿ?

ರೇಖಾ:
ಅವರ ಕೆಲಸ ಎಂಥದ್ದು ಅಂತ ಮೊದಲು ಹೇಳಿ. ಮನೆ ಬೆಲೆ ಬೀಳೋ ಕಾಲದಲ್ಲಿ ಆ ಕೆಲಸ ಉಳಿಯುತ್ತಾ?